ಮಡಚುವ ಲ್ಯಾಪ್‌ಟಾಪಾ, ಟ್ಯಾಬಾ? ಅಂಗಡಿಗೆ ಹೋಗುವ ಮೊದಲು ಓದಿ

ಮೊದಲು ಇದಕ್ಕೆ ಉತ್ತರ ಹೇಳಿ. ಮನೆಯಲ್ಲಿ ಸರಿಯಾಗಿ ನಡೆಯುವ ಕಂಪ್ಯೂಟರ್ ಒಂದು ಇದೆಯಾ? ಇದ್ದರೆ ಟ್ಯಾಬ್ ತಗೊಳ್ಳಿ. ಇಲ್ಲ, ಇದೊಂದರಲ್ಲೇ ಎಲ್ಲ ಕೆಲಸ ಆಗಬೇಕು ಅಂತಾದರೆ ಕನ್ವರ್ಟಿಬಲ್, ಅಂದರೆ ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಮಡಚಬಹುದಾದ ಲ್ಯಾಪ್‌ಟಾಪ್. ಬ್ರ್ಯಾಂಡು, ಬಣ್ಣ ಎಲ್ಲ ಆಮೇಲೆ ಮಾರಾಯ್ರೆ.

ಕಾರಣ ಸಾಫ್ಟ್‌ವೇರ್. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಇಂಜಿನಿಯರಿಂಗ್ ಸೇರಿದವರಿಗೆ ನಕ್ಷೆ ಬಿಡಿಸುವ ಆಟೋಕ್ಯಾಡ್, ಲೆಕ್ಕಾಚಾರದ ಮ್ಯಾಟ್‌ಲ್ಯಾಬ್ ಬೇಕಾಗುತ್ತದೆ, ಸಿಎ ಆಫೀಸಿಗೆ ಆರ್ಟಿಕಲ್‌ಶಿಪ್‌ಗೆ ಹೋಗುವವರಿಗೆ ಲೆಕ್ಕಪತ್ರದ ಟ್ಯಾಲಿ ಬೇಕು, ಇವುಗಳಲ್ಲಿ ಕೆಲವಕ್ಕೆ ಮೊಬೈಲ್ ಆ್ಯಪ್ ಇದ್ದರೂ ಪೂರ್ತಿ ಕೆಲಸಕ್ಕೆ ಅದು ಸಾಲುವುದಿಲ್ಲ. ಕನ್ನಡದ ಕಷ್ಟ ಇನ್ನೊಂದು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಟ್ಯಾಬ್‌ನಲ್ಲಿ ತೆರೆದರೆ ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಯುನಿಕೋಡ್, ಅಂದರೆ ಈಗ ಮೊಬೈಲಲ್ಲೂ ಕಂಪ್ಯೂಟರಲ್ಲೂ ಬಳಸುವ ಅಕ್ಷರ ವ್ಯವಸ್ಥೆ, ಆದರೆ ತೊಂದರೆ ಇಲ್ಲ. ಸಂಘದ ಆಮಂತ್ರಣ ಪತ್ರಿಕೆ, ಆಫೀಸಿನ ಹಳೆ ಕಡತ ಅಂತ ಇಂಥ ಫೈಲುಗಳು ನಿಮ್ಮ ಕೈಗೆ ಬರುತ್ತಾ ಇದ್ದರೆ ವಿಂಡೋಸ್ ಇರುವುದೇ ಬೇಕು.

ಇನ್ನು ಮಡಚುವ ವಿಷಯ. ಜಾಹೀರಾತಿನಲ್ಲಿ ಚಂದ ಕಾಣುತ್ತದೆ, ಆದರೆ 14 ಇಂಚಿನದ್ದು ಸುಮಾರು ಒಂದೂವರೆ ಕಿಲೋ ತೂಗುತ್ತದೆ, 11 ಇಂಚಿನ ಟ್ಯಾಬ್ ಅರ್ಧ ಕಿಲೋ ಆಸುಪಾಸು. ಅಂಗಡಿಯಲ್ಲಿ ಕನ್ವರ್ಟಿಬಲನ್ನು ಮಡಚಿ, ಒಂದೇ ಕೈಯಲ್ಲಿ ಹಿಡಿದು, ನಿಂತುಕೊಂಡೇ ಎರಡು ಸಾಲು ಬರೆದು ನೋಡಿ. ಸೇಲ್ಸ್‌ನವರು ಏನೇ ಹೇಳಲಿ, ತೋಳು ನಿಜ ಹೇಳುತ್ತದೆ. ಹಾಗೇ ಲ್ಯಾಪ್‌ಟಾಪಿನಂತೆ ತೆರೆದಿಟ್ಟು ಸ್ಕ್ರೀನ್ ಮುಟ್ಟಿ, ಜಾಸ್ತಿ ಅಲುಗಾಡಿದರೆ ಬೇರೆ ಮಾಡೆಲ್ ತೋರಿಸಲು ಹೇಳಿ. ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಓದುತ್ತಾ ಹೋಗುವವರಿಗೆ, ಪಿಡಿಎಫ್ ಮೇಲೆ ಗೀಟು ಹಾಕುವವರಿಗೆ, ಚಿತ್ರ ಬಿಡಿಸುವವರಿಗೆ ಟ್ಯಾಬೇ ಸರಿ.

ಟ್ಯಾಬ್ ಅಗ್ಗ ಅಂತ ಮಾತ್ರ ಸುಮ್ನೆ ಅಂದುಕೊಳ್ಳಬೇಡಿ. ಕೀಬೋರ್ಡ್ ಕವರ್, ಪೆನ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಐಪ್ಯಾಡಿನ ಪೆನ್ನಿಗೆ (ಆ್ಯಪಲ್ ಪೆನ್ಸಿಲ್) ಬೇರೆ ದುಡ್ಡು, ಅದೂ ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡಿಗೆ ಆಗುವುದಿಲ್ಲ. ಕನ್ವರ್ಟಿಬಲ್‌ಗೂ ಪೆನ್ ಡಬ್ಬಿಯಲ್ಲಿ ಇರಲೇಬೇಕೆಂದಿಲ್ಲ, ಕೇಳಿ ನೋಡಿ. ಸರ್ಫೇಸ್ ಪ್ರೋ ಥರ ಕೀಬೋರ್ಡ್ ಕಳಚುವ ವಿಂಡೋಸ್ ಟ್ಯಾಬ್‌ಗಳೂ ಇವೆ. ಮೇಜಿನ ಮೇಲೆ ಚೆನ್ನ, ತೊಡೆ ಮೇಲಿಟ್ಟು ಟೈಪ್ ಮಾಡಲು ಕಿರಿಕಿರಿ.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ. ಕರೆಂಟ್ ಹೋದಾಗ ಟ್ಯಾಬನ್ನು ಸಾಮಾನ್ಯ ಪವರ್ ಬ್ಯಾಂಕಿನಲ್ಲೇ ಚಾರ್ಜ್ ಮಾಡಬಹುದು. ಕನ್ವರ್ಟಿಬಲ್ ಹಲವಕ್ಕೆ 45 ಅಥವಾ 65 ವ್ಯಾಟ್ ಬೇಕು, ಸಾಮಾನ್ಯ ಪವರ್ ಬ್ಯಾಂಕ್ ಅಷ್ಟು ಕೊಡುವುದಿಲ್ಲ. ಯಾವುದೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ಯಾಗಿನೊಳಗೆ ಮುಚ್ಚಿಟ್ಟು ಮರೆಯಬೇಡಿ. ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ.

ಕನ್ವರ್ಟಿಬಲ್‌ನಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಹಲವು ಸಲ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಹಾಗಾಗಿ ಖರೀದಿಸುವಾಗಲೇ 16 ಜಿಬಿ ನೋಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುತ್ತದಾ ಅಂತ ಕೇಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇರುವುದನ್ನು, ಎಷ್ಟೇ ಕಡಿಮೆಗೆ ಕೊಟ್ಟರೂ, ಬಿಟ್ಟು ಬನ್ನಿ.