ಎಲ್ಕ್ ಶಿಕಾರಿ: ಬೆನ್ನ ಮೇಲಿನ ಟೆಂಟೋ, ಗಾಡಿ ಪಕ್ಕದ ಟೆಂಟೋ?

ಮೂರನೇ ವರ್ಷಕ್ಕೆ ಕೊನೆಗೂ ಎಲ್ಕ್ ಎಂಬ ಅಮೆರಿಕದ ದೊಡ್ಡ ಜಿಂಕೆಯ ಮಾಂಸ ಮನೆಗೆ ಬಂತು. "ಎರಡು ದೋಣಿ ಮೇಲೆ ಕಾಲಿಡಬೇಡ ಮಾರಾಯ" ಎಂದಿದ್ದ ಡೆನ್ವರ್ ಗೆಳೆಯರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ಮೊದಲ ವರ್ಷ ಎಲ್ಲವನ್ನೂ ಬೆನ್ನಿಗೇರಿಸಿಕೊಂಡು ಕೊಲೊರಾಡೋದ ಫ್ಲ್ಯಾಟ್ ಟಾಪ್ಸ್ ಬೆಟ್ಟಕಾಡಿನ ಒಳಗೆ ಆರು ಮೈಲಿ ನಡೆದೆ. ಹೊರೆ 25 ಕೆಜಿ ಮೇಲೇ ಇತ್ತು. ಹಗುರದ ಟೆಂಟು, ಸ್ಲೀಪಿಂಗ್ ಬ್ಯಾಗು, ಬೂಟು ಅಂತ 1,400 ಡಾಲರ್ ಹತ್ತಿರ ಕರಗಿತ್ತು. ಹತ್ತು ಸಾವಿರ ಅಡಿಯಲ್ಲಿ ಮೊದಲ ರಾತ್ರಿಯೇ ತಲೆ ಸಿಡಿಯಿತು. ಎರಡನೇ ರಾತ್ರಿ ನೀರಿನ ಫಿಲ್ಟರ್ ಹೆಪ್ಪುಗಟ್ಟಿ ಕೆಟ್ಟಿತು. ಮೂರನೇ ದಿನ ಒಳ್ಳೆ ಗಂಡು ಎಲ್ಕ್ ಕಂಡಿತು, 250 ಗಜ ಇರಬಹುದು. ಹೊಡೆಯಲಿಲ್ಲ! ಮೂಳೆ ಬಿಡಿಸಿದರೂ 90 ಕೆಜಿ ಮಾಂಸ. ಒಬ್ಬನೇ ನಾಲ್ಕು ಸಲ ಹೊತ್ತರೆ, ಖಾಲಿ ಕೈಯಲ್ಲಿ ವಾಪಸ್ ನಡೆಯುವುದೂ ಸೇರಿ 42 ಮೈಲಿ. ಲೆಕ್ಕ ಹಾಕಿ ಕೋವಿ ಇಳಿಸಿದೆ.

ಎರಡನೇ ವರ್ಷ ಗಾಡಿ ಪಕ್ಕ ದೊಡ್ಡ ಟೆಂಟು, ಬಿಸಿ ಸಾರು, ಸುಖವೋ ಸುಖ. ಆದರೆ ರಸ್ತೆಯುದ್ದಕ್ಕೂ ಪಿಕಪ್‌ಗಳ ಜಾತ್ರೆ. ದಿನಾ ಮೂರಕ್ಕೆ ಎದ್ದು ಹತ್ತಿದೆ. ಕಂಡದ್ದು ಬರೀ ಬೇರೆ ಶಿಕಾರಿಯವರ ಕಿತ್ತಳೆ ಬಣ್ಣದ ಜಾಕೆಟ್ಟು. ನಾಲ್ಕನೇ ದಿನ ಕಾಲೇ ಏಳಲಿಲ್ಲ.

ಮೂರನೇ ಸಲ ಎರಡನ್ನೂ ಕೂಡಿಸಿದೆ. ಗಾಡಿ ಹತ್ತಿರ ಎರಡು ರಾತ್ರಿ ಮಲಗಿ ಎತ್ತರಕ್ಕೆ ಒಗ್ಗಿಕೊಂಡೆ. ಆಮೇಲೆ ಒಂಬತ್ತು ಕೆಜಿ ಚೀಲ ಹೊತ್ತು ಎರಡೂವರೆ ಮೈಲಿ ಮೇಲೆ, ಎರಡೇ ರಾತ್ರಿ. ಇಳಿದು ಬಂದು ಸಾಕ್ಸ್ ಒಣಗಿಸಿ, ಹೊಟ್ಟೆ ತುಂಬಾ ಉಂಡು, ಮತ್ತೆ ಹತ್ತುವುದು. ಫಿಲ್ಟರ್ ಈ ಸಲ ನನ್ನ ಜೊತೆಗೇ ಮಲಗಿತು. ಮೇಲೆ ಅನ್ನ ಬೇಗ ಬೇಯುವುದಿಲ್ಲ, ಅಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಹುಳಿ, ಬೆಲ್ಲ, ಚಟ್ನಿಪುಡಿ ಬೆರೆಸಿದ ಅವಲಕ್ಕಿಗೆ ಬಿಸಿನೀರು ಹಾಕಿದರೆ ಸಾಕು. ಹತ್ತು ಡಾಲರಿನ ರೆಡಿಮೇಡ್ ಪೊಟ್ಟಣಕ್ಕಿಂತ ಸಾವಿರ ಪಾಲು ವಾಸಿ.

ಎರಡನೇ ಸಲ ಹತ್ತಿದ ಮರುದಿನ ಬೆಳಿಗ್ಗೆಯೇ ಗಂಡು ಬಿತ್ತು. ಯಾವ ಕಣಿವೆ ಎಂದು ಕೇಳಬೇಡಿ. ಗಾಳಿ ತಿರುಗುವ ಹೊತ್ತಿಗೆ ಎಲ್ಲಿ ಕೂತೆ ಅನ್ನುವುದನ್ನೂ ಹೇಳುವುದಿಲ್ಲ. ಮಾಂಸವನ್ನು ಚೀಲಕ್ಕೆ ತುಂಬಿ ನೆರಳಲ್ಲಿ ತೂಗುಹಾಕಿದೆ. ನಾಲ್ಕು ಹೊರೆ, ಒಟ್ಟು ಹದಿನೇಳೂವರೆ ಮೈಲಿ, ಒಂದೂವರೆ ದಿನ. ಇಲ್ಲಿನ ಶಿಕಾರಿ ನಿಯಮದಂತೆ ಗಂಡು ಎಂಬ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಕತ್ತರಿಸುವ ಅವಸರದಲ್ಲಿ ಮರೆಯಬೇಡಿ. ಗಾಡಿಯಲ್ಲಿ ಹಾಲಿನ ಕ್ಯಾನ್‌ಗಳಲ್ಲಿ ಹೆಪ್ಪುಗಟ್ಟಿಸಿದ ನೀರು ಇಟ್ಟಿದ್ದೆ, ಮನೆ ಮುಟ್ಟಿದರೂ ಅರ್ಧ ಕರಗಿರಲಿಲ್ಲ.

ಕಟುಕನಿಗೆ ಕೊಡಬೇಕಿದ್ದ 250 ಡಾಲರ್ ಉಳಿಸಲು ಅಡುಗೆಮನೆ ಮೇಜಿನ ಮೇಲೇ ಕತ್ತರಿಸಿದೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಊರಿಂದ ತಂದ ಕೊಡಗಿನ ಹುಳಿ ಕಾಚಂಪುಳಿ ಹಾಕಿ ಪಂದಿಕರಿ ಥರ ಮಾಡಿದೆ, ಕೊಬ್ಬಿಲ್ಲದ ಮಾಂಸ ಒಣಕಲಾಯಿತು. ಮುಂದಿನ ಸಲ ಅರ್ಧ ಕೆಜಿ ಹಂದಿ ಕೊಬ್ಬು ಬೆರೆಸಿದೆ. ಆಗ ಅವಳೂ ಎರಡನೇ ಸಲ ಬಡಿಸಿಕೊಂಡಳು.