‘ಬೀಗ ಹಾಕಿದೆ ತಾನೇ?’ ಗೀಳಿನ ಪ್ರಶ್ನೆಗೆ ಉತ್ತರ ನಿಲ್ಲಿಸುವುದು ಹೇಗೆ

ಒಂದೇ ಅನುಮಾನ ಮತ್ತೆ ಮತ್ತೆ ಕಾಡಿ, ಒಂದೇ ಕೆಲಸ ಅಥವಾ ಪ್ರಶ್ನೆಯನ್ನು ಪದೇಪದೇ ಮಾಡಿಸುವ ಗೀಳು ಕಾಯಿಲೆ (ಒಸಿಡಿ) ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡೇ ಬಗೆಯ ಉಪಚಾರ ನಡೆಯುತ್ತದೆ: ಕೇಳಿದಷ್ಟು ಸಲವೂ ಸಮಾಧಾನ ಹೇಳುವುದು, ಸಾಕಾದಾಗ ಗದರುವುದು. ಎರಡೂ ಕೆಲಸಕ್ಕೆ ಬರುವುದಿಲ್ಲ.

ಮೊದಲು, ಅದು ಗೀಳೋ ಶಿಸ್ತೋ ನೋಡಿ. ಅಜ್ಜಿಯ ಮಡಿ ಎಂಬುದು ಪೂಜೆ, ಊಟ ಆದ ಮೇಲೆ ಮುಗಿಯುತ್ತದೆ; ಗೀಳಿಗೆ ಮುಗಿಯಿತೆಂಬುದೇ ಇಲ್ಲ. ಕೈ ತೊಳೆಯುವುದು, ಬೀಗ ಜಗ್ಗಿ ನೋಡುವುದು, ಮನಸ್ಸಿನಲ್ಲೇ ಎಣಿಸುವುದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನುಂಗುತ್ತಿದ್ದರೆ ಅಥವಾ ಓದು, ಉದ್ಯೋಗ ಕೆಡಿಸುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದೆಲ್ಲ ಅತಿಯೆಂದು ಹೆಚ್ಚಿನವರಿಗೆ ತಮಗೇ ಗೊತ್ತಿರುತ್ತದೆ. ಬುದ್ಧಿ ಹೇಳುವ ಶ್ರಮ ಬೇಡ. ಮೊಬೈಲ್‌ನಲ್ಲಿ ಹತ್ತು ಪ್ರಶ್ನೆ ಕೇಳಿ ಕಾಯಿಲೆ ಹೆಸರಿಸುವ ಪರೀಕ್ಷೆಗಳನ್ನಂತೂ ನಂಬಬೇಡಿ.

ಎರಡನೆಯದು, ಮನೋವೈದ್ಯರ ಭೇಟಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾಸ್ಪತ್ರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮೂರನೆಯದು ಉತ್ತರ ನಿಲ್ಲಿಸುವುದು. ಬಹುಪಾಲು ಮನೆಯವರು ಎಡವುವುದು ಇಲ್ಲೇ. ‘ಹೌದು, ಹಾಕಿದ್ದೀಯ’ ಎಂದ ಕೂಡಲೇ ಅವರ ಕಳವಳ ಇಳಿಯುತ್ತದೆ. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಮತ್ತದೇ ಪ್ರಶ್ನೆ. ಕೇಳಿದರೆ ಮಾತ್ರ ನೆಮ್ಮದಿ ಎಂಬ ಪಾಠ ಪ್ರತಿ ಉತ್ತರದಿಂದಲೂ ಗಟ್ಟಿಯಾಗುತ್ತದೆ. ಹಾಗೆಂದು ಒಂದು ಬೆಳಿಗ್ಗೆ ದಿಢೀರನೆ ಬಾಯಿ ಕಟ್ಟಿಕೊಂಡರೆ ಮನೆ ರಣರಂಗವಾಗುತ್ತದೆ. ಚಿಕಿತ್ಸಕರ ಸಲಹೆ ಪಡೆದು, ಎಲ್ಲರೂ ಸಮಾಧಾನವಾಗಿರುವ ಸಂಜೆ ಕುಳಿತು ಅವರೊಂದಿಗೇ ಒಪ್ಪಂದ ಮಾಡಿಕೊಳ್ಳಿ. ಒಂದೇ ವಿಷಯ ಆರಿಸಿ, ಸುಲಭದ್ದನ್ನೇ ಆರಿಸಿ. ಹೇಳಬೇಕಾದ ಮಾತನ್ನೂ ಮೊದಲೇ ಗೊತ್ತು ಮಾಡಿ: ‘ಅಕ್ಕಾ, ಇದು ಗೀಳು ಕೇಳಿಸುತ್ತಿರುವ ಪ್ರಶ್ನೆ. ಉತ್ತರ ಹೇಳುವುದಿಲ್ಲ, ಆದರೆ ಜೊತೆಗಿರುತ್ತೇನೆ.’ ಅಷ್ಟೇ, ವಾದಕ್ಕಿಳಿಯಬೇಡಿ. ಚಡಪಡಿಕೆ ಏರುತ್ತದೆ, ಕಣ್ಣೀರೂ ಬರಬಹುದು. ಬಾಗಿಲಿಗೆ ಮರಳದೆ ಆ ಹೊತ್ತನ್ನು ದಾಟುವುದೇ ಅಭ್ಯಾಸ. ಒಳಗಿನಿಂದ ಅಜ್ಜ ‘ಪಾಪ’ ಎಂದು ಹೌದೆನ್ನುವಂತೆ ತಲೆಯಾಡಿಸಿದರೂ ಅಂದಿನ ಶ್ರಮ ನೀರುಪಾಲು; ಒಪ್ಪಂದ ಇಡೀ ಮನೆಗೆ ಅನ್ವಯಿಸಬೇಕು.

ಬೀಗದ ಫೋಟೊ ತೆಗೆದುಕೊಂಡು ಹೋಗುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಬೇಡವೇ ಬೇಡ. ಬಸ್ಸಿನಲ್ಲಿ ಕುಳಿತು ಅದೇ ಫೋಟೊವನ್ನು ಹಿಗ್ಗಿಸಿ, ಕೊಂಡಿ ಸರಿಯಾಗಿ ಕೂತಿದೆಯೇ, ಇದು ಇವತ್ತಿನದೋ ನಿನ್ನೆಯದೋ ಎಂದು ನೋಡುವುದು ಶುರುವಾಗುತ್ತದೆ. ತೊಳೆಯುವ ಗೀಳಿದ್ದವರಿಗೆ ಡಬ್ಬಿಗಟ್ಟಲೆ ಸೋಪು ತಂದುಕೊಡುವುದೂ ಇದೇ ಜಾತಿಯ ಉಪಕಾರ.

ಮಾತ್ರೆ ಬರೆದುಕೊಟ್ಟಿದ್ದರೆ ತಾಳ್ಮೆಯಿರಲಿ. ಗೀಳಿನಲ್ಲಿ ಗುಣ ಕಾಣಲು ಸಾಮಾನ್ಯವಾಗಿ 8ರಿಂದ 12 ವಾರ ಹಿಡಿಯುತ್ತದೆ. ಮೂರನೇ ವಾರಕ್ಕೇ ‘ಏನೂ ಪ್ರಯೋಜನವಿಲ್ಲ’ ಎಂದು ನೀವಾಗಿ ನಿಲ್ಲಿಸಬೇಡಿ. ವಾಕರಿಕೆ, ನಿದ್ದೆಗೇಡು ಕಾಣಿಸಿದರೆ ವೈದ್ಯರಿಗೇ ಹೇಳಿ. ಮೆಡಿಕಲ್ ಅಂಗಡಿಯವರು ಪರಿಚಯಸ್ಥರೆಂದು ಚೀಟಿಯಿಲ್ಲದೆ ನಿದ್ದೆ ಮಾತ್ರೆ ತರಬೇಡಿ.