ಶಂಖಪುಷ್ಪದ ಕಾಯಿಂದ ಎನ್ಜೈಮ್ ತೆಗ್ದು ಪೆಪ್ಟೈಡನ್ನ ರಿಂಗ್ ಮಾಡಿದ ಅನುಭವ

ಪೆಪ್ಟೈಡ್ ಅಂದ್ರೆ ಅಮೈನೊ ಆಸಿಡ್‌ಗಳ ಸಣ್ಣ ಸರಪಳಿ. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡನ್ನ ರಕ್ತದ ಸೀರಮ್ಮಿಗೆ ಹಾಕಿದ್ರೆ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಎನ್ಜೈಮ್‌ಗಳು) ತುದಿಯಿಂದಲೇ ತಿನ್ಲಿಕ್ಕೆ ಶುರು ಮಾಡ್ತವೆ, ಎರಡೂ ತುದಿ ಸೇರಿಸಿ ರಿಂಗ್ ಮಾಡಿದ್ರೆ ಹಿಡ್ಕೊಳ್ಲಿಕ್ಕೆ ತುದಿಯೇ ಇಲ್ಲ. ಸೇರಿಸುದೇ ಕಷ್ಟ. ನನ್ನ ಪೆಪ್ಟೈಡಲ್ಲಿ ಲೈಸಿನ್ ಜಾಸ್ತಿ, ಆ ಅಮೈನೊ ಆಸಿಡಿನ ಬದಿಯಲ್ಲೂ ಮೊದಲ ತುದಿಯ ಹಾಗೆ ಅಮೈನೊ ಗುಂಪು ಉಂಟು, ಕೆಮಿಕಲ್ ದಾರಿಯಲ್ಲಿ ಕೊನೆ ತುದಿಯನ್ನ ಆಕ್ಟಿವೇಟ್ ಮಾಡಿದ್ರೆ ಅದು ಮೊದಲ ತುದಿ ಬಿಟ್ಟು ಯಾವುದೋ ಲೈಸಿನ್ನಿಗೆ ಹೋಗಿ ಅಂಟಿಕೊಳ್ತದೆ, ಹಾಗಾಗಿ ಪ್ರತಿ ಲೈಸಿನ್ನನ್ನೂ ಮುಚ್ಚಿಡುವ ಪ್ರೊಟೆಕ್ಷನ್ ಬೇಕು, ತುಂಬಾ ಡೈಲ್ಯೂಟ್ ಮಾಡ್ಬೇಕು, ಇಲ್ಲದಿದ್ರೆ ಎರಡು ಮೂರು ಪೆಪ್ಟೈಡ್ ಒಂದಕ್ಕೊಂದು ಸೇರಿಕೊಳ್ತವೆ.

ಎನ್ಜೈಮಿಗೆ ಈ ರಗಳೆ ಇಲ್ಲ, ನೀರಲ್ಲೇ ಕೆಲಸ, ಲೈಸಿನನ್ನ ಮುಟ್ಟುದಿಲ್ಲ. ಸಿಂಗಾಪುರದ ನಾನ್ಯಾಂಗ್ ಯೂನಿವರ್ಸಿಟಿಯವರು 2014ರಲ್ಲಿ ವರದಿ ಮಾಡಿದ ಬ್ಯುಟಲೇಸ್-1 ಎಂಬ ಎನ್ಜೈಮ್ ಶಂಖಪುಷ್ಪದ ಕಾಯಿಂದಲೇ ಬಂದದ್ದು, ಆ ಬಳ್ಳಿ ನಮ್ಮ ಬದಿಯಡ್ಕ ಕಡೆ ಬೇಲಿಯಲ್ಲೆಲ್ಲ ಉಂಟು. ಕಿಲೋಗೆ ಕೆಲವೇ ಮಿಲಿಗ್ರಾಂ ಸಿಗುದು, ಹಾಗಾಗಿ ಮನೆಯವರೆಲ್ಲ ಸೇರಿ ಎಳೆ ಹಸಿರು ಕಾಯಿ ಕೊಯ್ದೆವು. "ಹೂ ಬಿಟ್ಟು ಕಾಯಿ ಎಂತಕ್ಕೆ ಮಗಾ?" ಅಂತ ದೊಡ್ಡಮ್ಮ ಕೇಳಿದ್ರು, ಕೇಳ್ತಾ ಕೇಳ್ತಾ ಮಡಿಲು ತುಂಬ ಕೊಯ್ದು ಕೊಟ್ರು.

ಲ್ಯಾಬಲ್ಲಿ ತಣ್ಣಗಿರುವಾಗಲೇ ಬಫರಲ್ಲಿ ಅರೆದು, ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನ್ ಇಳಿಸಿ, ಆಮೇಲೆ ಎನ್ಜೈಮನ್ನ ಬೇರ್ಪಡಿಸ್ಲಿಕ್ಕೆ ಕಾಲಮ್. ಇದರ ಕೆಲಸವೆಲ್ಲ ಒಂದು ಸಿಸ್ಟೀನಿನ (ಗಂಧಕ ಇರುವ ಅಮೈನೊ ಆಸಿಡ್) ಮೇಲೆ ನಿಂತಿರುದ್ರಿಂದ ಅದನ್ನ ಕಾಯ್ಲಿಕ್ಕೆ ಬಫರಲ್ಲಿ ಮರ್ಕಾಪ್ಟೊಎಥನಾಲ್ ಇರ್ಲೇಬೇಕು, ಗಾಳಿಗೆ ಆಕ್ಸಿಡೈಸ್ ಆದ್ರೆ ಎನ್ಜೈಮ್ ಸತ್ತ ಹಾಗೆ.

ಪೆಪ್ಟೈಡಿನ ಕೊನೆಗೆ ಆಸ್ಪರಜಿನ್-ಹಿಸ್ಟಿಡಿನ್-ವ್ಯಾಲಿನ್ ಅಂತ ಮೂರು ಅಮೈನೊ ಆಸಿಡಿನ ಬಾಲ ಇಟ್ಟೇ ಸಿಂಥೆಸಿಸ್ ಮಾಡ್ಬೇಕು. ಎನ್ಜೈಮ್ ಆಸ್ಪರಜಿನ್ ಆದ ಮೇಲೆ ಕತ್ತರಿಸಿ, ಹಿಸ್ಟಿಡಿನ್-ವ್ಯಾಲಿನ್ ಬಿಸಾಡಿ, ಆಸ್ಪರಜಿನನ್ನ ಮೊದಲ ತುದಿಗೆ ಜೋಡಿಸ್ತದೆ. ಶುರುವಿನಿಂದ ಎರಡನೇ ಜಾಗದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್ ಅಥವಾ ವ್ಯಾಲಿನ್ ಇದ್ರೆ ಒಳ್ಳೇದು, ಒಂದನೇ ಜಾಗದಲ್ಲಿ ಪ್ರೋಲಿನ್ ಬೇಡ. ಪಿಎಚ್ 6ರ ಆಸುಪಾಸು ಇಟ್ಟೆ.

ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ನೋಡುವಾಗ ಕಣ್ಣು ಎರಡು ಪೀಕ್ ಮೇಲೆ ಇರ್ಲಿ. ರಿಂಗ್ ಆಗಿದ್ರೆ ಮೂಲ ಪೆಪ್ಟೈಡಿಗಿಂತ 254 ಡಾಲ್ಟನ್ (ಅಣುವಿನ ತೂಕದ ಅಳತೆ) ಕಮ್ಮಿ, ಬಾಲ ಕತ್ತರಿಸಿ ನೀರು ಸೇರಿ ಉದ್ದಕ್ಕೇ ಉಳಿದಿದ್ರೆ 236 ಕಮ್ಮಿ. ಆ 18ರ ವ್ಯತ್ಯಾಸ ನೋಡದೆ ರಿಂಗ್ ಆಯ್ತು ಅಂತ ಹೇಳ್ಬಾರ್ದು. ನನ್ನದರಲ್ಲಿ 254ರ ಪೀಕೇ ಎದ್ದು ಕಂಡಾಗ ಆದ ಖುಷಿ ಹೇಳಿ ಮುಗಿಯುದಿಲ್ಲ.

ಆದ್ರೆ ಒಂದು ಆಸ್ಪರಜಿನ್ ರಿಂಗಲ್ಲಿ ಉಳಿದೇ ಉಳಿತದೆ. ಅದು ಇಲ್ಲದ ಗ್ರಾಮಿಸಿಡಿನ್ ಎಸ್ ತರದ ರಿಂಗ್ ಆಂಟಿಬಯೋಟಿಕನ್ನ ಇದ್ದ ಹಾಗೆ ಮಾಡ್ಲಿಕ್ಕೆ ಇದು ಆಗ್ಲಿಕ್ಕಿಲ್ಲ, ಅಂಥದ್ದಕ್ಕೆ ಟೈರೊಸಿಡಿನ್ ಎಂಬ ಇನ್ನೊಂದು ರಿಂಗ್ ಆಂಟಿಬಯೋಟಿಕ್ ಮಾಡುವ ಬ್ಯಾಕ್ಟೀರಿಯಾದ, ರಿಂಗ್ ಮುಚ್ಚುವ ಥಯೋಎಸ್ಟರೇಸ್ ಎನ್ಜೈಮ್ ಕಡೆ ನೋಡ್ಬೇಕು.